ಬೆಕ್ಕಿನ ಜೊತೆ ವಾಕಿಂಗ್: ಮೊದಲು ಬೆಲ್ಟ್ ಸರಿಯಾಗಲಿ

ತುಮಕೂರಿನ ಅಮಾನಿಕೆರೆ ಕಡೆ ಬೆಳಗಿನ ಹೊತ್ತು ನಾಯಿ ಹಿಡಿದು ಬರುವವರ ನಡುವೆ ಆಗೊಮ್ಮೆ ಈಗೊಮ್ಮೆ ಬೆಕ್ಕು ಹಿಡಿದು ಬರುವವರೂ ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರ ಪಾಡು ಒಂದೇ. ಕೊರಳಿಗೆ ಪಟ್ಟಿ ಕಟ್ಟಿ ಎಳೆಯುತ್ತಾರೆ, ಬೆಕ್ಕು ನೆಲ ಕಚ್ಚಿ ಕೂರುತ್ತದೆ, ಇವರು ಇನ್ನೂ ಜೋರಾಗಿ ಎಳೆಯುತ್ತಾರೆ. ಕೊನೆಗೆ ಪಟ್ಟಿ ಕೈಯಲ್ಲಿ, ಬೆಕ್ಕು ಮೋರಿಯಲ್ಲಿ.

ಎಲ್ಲ ಬೆಕ್ಕಿಗೂ ವಾಕಿಂಗ್ ಬೇಕಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲಿಂಗ್ ಬೆಲ್ ಸದ್ದಿಗೇ ಮಂಚದಡಿ ನುಗ್ಗುವ ಬೆಕ್ಕನ್ನು ಬೀದಿಗೆ ತರುವುದು ಅದಕ್ಕೆ ಹಿಂಸೆ. ಕಿಟಕಿ ಬಳಿ ಕೂತು ಹೊರಗೇ ನೋಡುವ, ಬಾಗಿಲು ತೆರೆದರೆ ಸಂದಿಯಲ್ಲಿ ಮೂಗು ತೂರಿಸುವ ಬೆಕ್ಕಾದರೆ ಮುಂದೆ ಓದಿ.

ಹಂತ 1: ಲಸಿಕೆ. ರೇಬಿಸ್ ಲಸಿಕೆಯನ್ನು ಮರಿಗೆ 12 ವಾರ ತುಂಬಿದ ಮೇಲೆ ಹಾಕಿಸಿ, ವರ್ಷಕ್ಕೊಮ್ಮೆ ಬೂಸ್ಟರ್ ತಪ್ಪಿಸಬೇಡಿ. ಬೆಕ್ಕುಗಳ ಇತರ ಸೋಂಕುಗಳಿಗೆ ಬೇರೆ ಲಸಿಕೆಯಿದೆ, ಅದೂ ಆಗಿರಲಿ.

ಹಂತ 2: ಬೆಲ್ಟ್ ಆರಿಸುವುದು. ಕೆಲಸ ಕೆಡುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೆಕ್ಕಿನ ಕೊರಳೆಲುಬು ನಮ್ಮದರಂತೆ ಭುಜದ ಮೂಳೆಗೆ ಗಟ್ಟಿಯಾಗಿ ಕೂಡಿಕೊಂಡಿಲ್ಲ. ಮಾಂಸದ ನಡುವೆ ತೇಲುವ ಸಣ್ಣ ಕಡ್ಡಿ ಅದು. ಹಾಗಾಗಿ ತಲೆ ತೂರಿದ ಕಡೆ ಸಾಮಾನ್ಯವಾಗಿ ಭುಜವೂ ತೂರುತ್ತದೆ. ಕೊರಳ ಪಟ್ಟಿಯೊಂದನ್ನೇ ನಂಬಿ ಹಗ್ಗ ಕಟ್ಟಿದರೆ ಒಂದೋ ಬೆಕ್ಕು ಕಳಚಿಕೊಳ್ಳುತ್ತದೆ, ಇಲ್ಲವೇ ಕುತ್ತಿಗೆಗೆ ಪೆಟ್ಟಾಗುತ್ತದೆ. ಬೇಕಾದದ್ದು ಎದೆಯನ್ನೂ ಬಳಸಿ ಬರುವ ಹಾರ್ನೆಸ್. ‘ನಾಯಿಮರಿ ಸೈಜೇ ಆಗುತ್ತೆ ಸಾರ್’ ಎಂದು ಅಂಗಡಿಯವರು ಕೊಡುವುದನ್ನು ತರಬೇಡಿ. ಅದರ ಎದೆಯ ಭಾಗ ಬೆಕ್ಕಿಗೆ ಅಗಲವಾಗಿ, ಮೊಣಕೈ ಒಳಗೆ ಸಿಕ್ಕಿಕೊಳ್ಳುತ್ತದೆ. ವೆಲ್ಕ್ರೋ ಪಟ್ಟಿ ಮಾತ್ರ ಇರುವುದೂ ಬೇಡ. ಬಿಚ್ಚುವಾಗಿನ ಚರ್ರ್ ಸದ್ದಿಗೇ ಬೆಕ್ಕು ಬೆಚ್ಚುತ್ತದೆ. ನನ್ನ ಆಯ್ಕೆ ಕೊರಳಿಗೊಂದು, ಎದೆಗೊಂದು ಪಟ್ಟಿಯಿದ್ದು, ಎರಡಕ್ಕೂ ಬಕಲ್ ಇರುವ ಸಾದಾ ಹಾರ್ನೆಸ್. ನೋಡಲು ಚಂದ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ.

ಅಳತೆಗೆ ಟೈಲರ್ ಟೇಪ್ ಸಾಕು. ಕೊರಳ ಸುತ್ತ ಒಂದು, ಮುಂಗಾಲುಗಳ ಹಿಂದೆ ಎದೆಯ ಸುತ್ತ ಇನ್ನೊಂದು. ಹಾಕಿದ ಮೇಲೆ ಕೂದಲು ಸರಿಸಿ ಪಟ್ಟಿಯ ಕೆಳಗೆ ಬೆರಳು ತೂರಿಸಿ ನೋಡಿ. ಒಂದು ಬೆರಳು ಸರಾಗವಾಗಿ, ಎರಡು ಬೆರಳು ಬಿಗಿಯಾಗಿ ಹೋದರೆ ಸರಿ. ಬೆಕ್ಕು ನಿಂತಾಗ ಬಿಗಿಯಾಗಿದ್ದ ಪಟ್ಟಿ ಅದು ಮುದುರಿ ಕೂತಾಗ ಸಡಿಲವಾಗುತ್ತದೆ. ಆದ್ದರಿಂದ ಎರಡೂ ಭಂಗಿಯಲ್ಲಿ ನೋಡಿ.

ಇನ್ನು ಯಾರೂ ಮಾಡದ ಪರೀಕ್ಷೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಬೆಕ್ಕಿನ ಎದುರು ಕೂತು ಹಗ್ಗವನ್ನು ನಿಮ್ಮ ಕಡೆ ಮೆಲ್ಲಗೆ ಎಳೆಯಿರಿ. ಬೆಕ್ಕು ಹಿಂದಕ್ಕೆ ಸರಿಯುತ್ತದೆ, ತಲೆ ತಗ್ಗಿಸುತ್ತದೆ, ಕಿವಿ ಮಡಚುತ್ತದೆ. ಆಗ ಎದೆಪಟ್ಟಿ ಮೊಣಕೈವರೆಗೆ ಜಾರಿ ಬಂದರೆ ಆ ಬೆಲ್ಟ್ ಹಾಕಿ ಹೊರಗೆ ಹೋಗಬೇಡಿ. ಬೆಕ್ಕು ತಪ್ಪಿಸಿಕೊಳ್ಳುವುದು ಹಿಮ್ಮುಖವಾಗಿಯೇ ಹೊರತು ಮುಂದಕ್ಕೆ ಜಿಗಿದಲ್ಲ. ಬೀದಿಯಲ್ಲಿ ಅದು ಹಿಂದೆ ಸರಿಯಲು ಶುರು ಮಾಡಿದರೆ ಹಗ್ಗ ಬಿಗಿ ಮಾಡದೆ ಸಡಿಲ ಬಿಡಿ, ನೀವೇ ನಡೆದು ಅದರ ಹಿಂಬದಿಗೆ ಹೋಗಿ. ಎಳೆತ ಹಿಂದಿನಿಂದ ಬಂದರೆ ಪಟ್ಟಿ ಕಳಚುವುದಿಲ್ಲ. ಎದುರಿನಿಂದ ಎಳೆದರೆ ಸ್ವೆಟರ್ ಬಿಚ್ಚಿದ ಹಾಗೆ ಬಿಚ್ಚಿಕೊಳ್ಳುತ್ತದೆ.

ಹಗ್ಗ ಐದಾರು ಅಡಿ ಇದ್ದರೆ ಸಾಕು. ಗುಂಡಿ ಒತ್ತಿದರೆ ಸರ್ರನೆ ಸುತ್ತಿಕೊಳ್ಳುವ ಡಬ್ಬಿ ಹಗ್ಗ ಬೇಡವೇ ಬೇಡ. ಕೈಜಾರಿದರೆ ಆ ಡಬ್ಬಿ ಟಪಟಪ ಸದ್ದು ಮಾಡುತ್ತ ಬೆಕ್ಕನ್ನು ಅಟ್ಟಿಸಿಕೊಂಡು ಹೋಗುತ್ತದೆ.

ಹಂತ 3: ಮನೆಯೊಳಗೆ ಅಭ್ಯಾಸ. ಮೊದಲು ಬೆಲ್ಟನ್ನು ಊಟದ ತಟ್ಟೆಯ ಪಕ್ಕ ಒಂದೆರಡು ದಿನ ಹಾಗೇ ಬಿಡಿ, ಮೂಸಲಿ. ಆಮೇಲೆ ಹಾಕಿ. ಹಾಕಿದ ಕೂಡಲೇ ಬೆಕ್ಕು ಧೊಪ್ಪನೆ ಪಕ್ಕಕ್ಕೆ ಬೀಳುತ್ತದೆ, ಇಲ್ಲವೇ ಹೊಟ್ಟೆ ನೆಲಕ್ಕೆ ತಾಗಿಸಿ ತೆವಳುತ್ತದೆ. ಲಕ್ವ ಹೊಡೆಯಿತೇನೋ ಎಂದು ಗಾಬರಿಯಾಗಿ ತಕ್ಷಣ ಬಿಚ್ಚುವವರೇ ಜಾಸ್ತಿ. ಬಿಚ್ಚಿದಿರೋ, ಬಿದ್ದರೆ ಬಿಚ್ಚುತ್ತಾರೆ ಎಂಬ ಪಾಠ ಅದಕ್ಕೆ ಸಿಕ್ಕಿತು. ಉಪ್ಪು, ಮಸಾಲೆ, ಈರುಳ್ಳಿ ಯಾವುದೂ ಇಲ್ಲದೆ ಬೇಯಿಸಿದ ಕೋಳಿಯ ಚೂರನ್ನು ಒಂದು ಮಾರು ದೂರ ಇಡಿ. ಎದ್ದು ನಡೆದು ತಿಂದು ಸಮಾಧಾನವಾದ ಮೇಲೆ ಬಿಚ್ಚಿ. ಬಾಯಗಲಿಸಿ ಏದುಸಿರು ಬಿಟ್ಟರೆ ಮಾತ್ರ ಆಗಲೇ ಬಿಚ್ಚಿ, ಅವತ್ತಿಗೆ ಸಾಕು. ಬಾಲ ಮೇಲೆತ್ತಿ ಮನೆಯಲ್ಲೆಲ್ಲ ಓಡಾಡುವವರೆಗೂ ಇದು ನಡೆಯಲಿ. ಕೆಲವಕ್ಕೆ ವಾರ, ಕೆಲವಕ್ಕೆ ತಿಂಗಳು.

ಹಂತ 4: ಹೊಸಿಲು ದಾಟುವುದು. ಎತ್ತಿಕೊಂಡೇ ದಾಟಿ. ನಡೆಸಿಕೊಂಡು ದಾಟಿದರೆ ನಾಳೆಯಿಂದ ಹಾಲಿನವರು ಬಂದಾಗಲೆಲ್ಲ ಅದು ಬಾಗಿಲಿಗೆ ನುಗ್ಗುತ್ತದೆ.

ಹಂತ 5: ಹೊರಗೆ. ಮೊದಲ ವಾರ ಕಾಂಪೌಂಡ್ ಅಥವಾ ಟೆರೇಸ್. ನಂತರ ವಾಹನ ಕಡಿಮೆ ಇರುವ ಅಡ್ಡರಸ್ತೆ. ಬಿ.ಎಚ್. ರಸ್ತೆಯ ಹತ್ತಿರ ಸುಳಿಯಬೇಡಿ. ಭಾನುವಾರ ದೇವರಾಯನದುರ್ಗಕ್ಕೆ ಕರೆದೊಯ್ದು ಫೋಟೊ ತೆಗೆಯುವ ಆಸೆಯೂ ಬೇಡ. ಅಲ್ಲಿ ಮಂಗಗಳ ಕಾಟವಿದೆ, ಕಾಡಿನಲ್ಲಿ ಚಿರತೆಯಿದೆ. ಮಾರ್ಚ್‌ನಿಂದ ಮೇವರೆಗೆ ಬಿಸಿಲೇರುವ ಮೊದಲೇ ಮುಗಿಸಿ. ಅಂಗೈಯ ಹಿಂಬದಿಯನ್ನು ಡಾಂಬರಿಗೆ ತಾಗಿಸಿ ಐದಾರು ಸೆಕೆಂಡು ಇಡಲಾಗದಿದ್ದರೆ ಅದರ ಪಾದಕ್ಕೂ ಆಗದು. ಸೊಪ್ಪಿನ ಗಾಡಿ, ಬಲೂನು, ಪಟಾಕಿ ಯಾವುದಕ್ಕೂ ಬೆದರಬಹುದು, ಹಾಗಾಗಿ ಹೆಗಲಿಗೊಂದು ಜಿಪ್ ಇರುವ ಬ್ಯಾಗ್ ಇರಲಿ. ಬೀದಿನಾಯಿ ಕಂಡರೆ ಎದೆಗವಚಿಕೊಂಡು ನಿಲ್ಲಬೇಡಿ, ಹೆದರಿದ ಬೆಕ್ಕು ನಿಮ್ಮ ಮುಖವನ್ನೇ ಪರಚುತ್ತದೆ. ಬ್ಯಾಗಿಗೆ ಹಾಕಿ ಜಿಪ್ ಎಳೆಯಿರಿ. ಪರಚಿದರೆ, ಕಚ್ಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ನಡಿಗೆ ಅದರ ಇಷ್ಟದಂತೆ. ನಾಲ್ಕು ಹೆಜ್ಜೆ ಇಟ್ಟು ಒಂದು ಕಲ್ಲನ್ನು ಐದು ನಿಮಿಷ ಮೂಸಿದರೆ ನೀವೂ ನಿಲ್ಲಬೇಕು. ಹೆಜ್ಜೆ ಲೆಕ್ಕ ಹಾಕುವ ವಾಚ್ ಮನೆಯಲ್ಲೇ ಬಿಟ್ಟು ಬನ್ನಿ. ಶುರುವಿಗೆ ಹತ್ತು ನಿಮಿಷ ಧಾರಾಳ. ಬೆಕ್ಕು ಅಡ್ಡ ಬಂತೆಂದು ಎದುರಿಗೆ ಬಂದವರು ನಿಂತುಬಿಟ್ಟರೆ ವಾದಕ್ಕಿಳಿಯದೆ ಪಕ್ಕಕ್ಕೆ ಸರಿದು ದಾರಿ ಬಿಡಿ, ಇಬ್ಬರಿಗೂ ಸಮಯ ಉಳಿಯುತ್ತದೆ.

ಕಳಚಿಕೊಂಡರೆ ಅಟ್ಟಿಸಬೇಡಿ. ಬೆದರಿದ ಬೆಕ್ಕು ಹೆಚ್ಚಾಗಿ ದೂರ ಹೋಗುವುದಿಲ್ಲ, ಹತ್ತಿರದ ಕಾರಿನಡಿ, ಮೋರಿ, ಗೋಡೆ ಸಂದಿಯಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತದೆ. ಬೀದಿ ತಣ್ಣಗಾದ ಮೇಲೆ ಟಾರ್ಚ್ ಬಿಟ್ಟು ನೋಡಿ, ಕಣ್ಣು ಹೊಳೆಯುತ್ತದೆ.

ಹಂತ 6: ಮನೆಗೆ ಬಂದ ಮೇಲೆ. ಕಿವಿಯ ಹಿಂದೆ, ಕಂಕುಳಲ್ಲಿ, ಬೆರಳುಗಳ ನಡುವೆ ಉಣ್ಣೆ ಇದೆಯೇ ನೋಡಿ. ಇದ್ದರೆ ನಾಯಿಗೆಂದು ತಂದಿಟ್ಟ ಔಷಧಿ ಮಾತ್ರ ಹಾಕಬೇಡಿ. ನಾಯಿಗಳ ಕೆಲವು ಉಣ್ಣೆ ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ, ಬೆಕ್ಕಿಗೆ ಅದು ವಿಷ. ನಡುಕ, ಸೆಳೆತ ಬಂದು ಸಾಯಲೂಬಹುದು. ಪಶುವೈದ್ಯರನ್ನು ಕೇಳಿ ಬೆಕ್ಕಿನದ್ದೇ ತನ್ನಿ. ‘ಎರಡಕ್ಕೂ ಒಂದೇ ಹಾಕಿ, ಏನೂ ಆಗಲ್ಲ’ ಎನ್ನುವ ಅಂಗಡಿಯಲ್ಲಿ ಬೆಲ್ಟನ್ನೂ ಕೊಳ್ಳಬೇಡಿ.