ಗೇಮ್ ಹೆಸರಿನ ಕೆಳಗೆ 16+ ಅಂತಿದೆ: ಅದನ್ನು ಓದುವುದು ಹೇಗೆ, ಮನೆಯ ಫೋನಿಗೆ ಬೀಗ ಹಾಕುವುದು ಹೇಗೆ?

ಪ್ಲೇ ಸ್ಟೋರ್‌ನಲ್ಲಿ ಯಾವುದಾದರೂ ಗೇಮ್ ತೆರೆದು ನೋಡಿ. ಹೆಸರಿನ ಕೆಳಗೆ ಒಂದು ಸಾಲಿದೆ. ಎಷ್ಟು ಸ್ಟಾರ್ ಸಿಕ್ಕಿದೆ, ಎಷ್ಟು ಜನ ಇಳಿಸಿಕೊಂಡಿದ್ದಾರೆ ಅಂತ ಅಲ್ಲಿರುತ್ತದೆ. ಅದೇ ಸಾಲಿನಲ್ಲಿ ಒಂದು ಪುಟ್ಟ ಚೌಕ, ಅದರೊಳಗೆ 3+, 7+, 12+, 16+ ಅಥವಾ 18+. ಸ್ಟಾರ್ ಎಲ್ಲರೂ ನೋಡುತ್ತಾರೆ. ಚೌಕದ ಕಡೆ ಕಣ್ಣು ಹಾಯಿಸುವವರು ಕಡಿಮೆ.

ತುಮಕೂರಿನವರು ಈ ಚೌಕವನ್ನು ಗಮನಿಸಲೇಬೇಕು. ಇಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪ, ಅಮ್ಮ ಬೆಳಗ್ಗೆ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಕತ್ತಲಾದ ಮೇಲೆ ವಾಪಸ್ ಬರುತ್ತಾರೆ. ಶಾಲೆ ಬಿಟ್ಟ ಮೇಲೆ ಮಕ್ಕಳ ಜೊತೆ ಇರುವುದು ಅಜ್ಜಿ, ತಾತ. ಜೊತೆಗೆ ಅಪ್ಪನ ಹಳೇ ಫೋನ್ ಒಂದು. "ಅಜ್ಜಿ, ಹೋಮ್‌ವರ್ಕ್ ವಾಟ್ಸ್ಆ್ಯಪ್‌ಗೆ ಹಾಕಿದಾರೆ, ಫೋನ್ ಕೊಡು" ಅಂದರೆ ಅವರು ಕೊಡದೆ ಏನು ಮಾಡುತ್ತಾರೆ? ಅಜ್ಜಿಯನ್ನು ಕಾವಲಿಗೆ ನಿಲ್ಲಿಸುವುದು ಸರಿಯಲ್ಲ. ಆ ಫೋನನ್ನು ಮುಂಚೆಯೇ ಸಿದ್ಧ ಮಾಡಿಡುವ ಕೆಲಸ ನಮ್ಮದು. ಒಂದು ಭಾನುವಾರ ಬೆಳಗ್ಗೆ ಕೂತರೆ ಆಗುತ್ತದೆ.

ಮೊದಲು ಆ ಚೌಕವನ್ನು ಒತ್ತಿ

ಹೌದು, ಅದನ್ನು ಒತ್ತಬಹುದು. ಒತ್ತಿದರೆ ಆ ವಯಸ್ಸು ಯಾಕೆ ಕೊಟ್ಟಿದ್ದಾರೆ ಅನ್ನುವ ಕಾರಣ ಕಾಣುತ್ತದೆ. ಸ್ಟ್ರಾಂಗ್ ವಯಲೆನ್ಸ್ ಅಂದರೆ ಹೊಡೆದಾಟ, ಕೊಲೆ ಜೋರಾಗಿದೆ. ಹಾರರ್ ಅಂದರೆ ಹೆದರಿಸುವ ದೃಶ್ಯಗಳಿವೆ. ನ್ಯೂಡಿಟಿ ಅಂದರೆ ಬೆತ್ತಲೆ ದೃಶ್ಯ, ಸ್ಟ್ರಾಂಗ್ ಲ್ಯಾಂಗ್ವೇಜ್ ಅಂದರೆ ಕೆಟ್ಟ ಬೈಗುಳ. ಸಿಮ್ಯುಲೇಟೆಡ್ ಗ್ಯಾಂಬ್ಲಿಂಗ್ ಅಂತಿದ್ದರೆ ಜೂಜಿನ ಅಡ್ಡೆಯಲ್ಲಿ ಆಡುವಂಥ ಆಟ ಅದರಲ್ಲಿದೆ ಎಂದರ್ಥ. ಅಲ್ಲಿ ನಿಜವಾದ ದುಡ್ಡು ಇಲ್ಲದಿರಬಹುದು, ಆದರೆ ಆಡುವ ರೀತಿ ಅದೇ.

ನನಗೆ ಕೇಳಿದರೆ ನಂಬರಿಗಿಂತ ಈ ಕಾರಣಗಳೇ ಜಾಸ್ತಿ ಉಪಯೋಗಕ್ಕೆ ಬರುತ್ತವೆ. ಎರಡು ಗೇಮ್‌ಗಳಿಗೂ 16+ ಇರಬಹುದು. ಒಂದಕ್ಕೆ ಗುಂಡಿನ ಕಾಳಗ ಕಾರಣ, ಇನ್ನೊಂದಕ್ಕೆ ಲೈಂಗಿಕ ದೃಶ್ಯ. ನಿಮ್ಮ ಹದಿನೈದರ ಮಗನಿಗೆ ಯಾವುದನ್ನು ಬಿಡಬಹುದು, ಯಾವುದು ಬೇಡ ಅಂತ ತೀರ್ಮಾನಿಸಲು ಬರೀ ನಂಬರ್ ಸಾಲದು.

ಅಲ್ಲೇ ಇನ್ನೂ ಎರಡು ಮಾತು ಕಾಣಬಹುದು: ಯೂಸರ್ಸ್ ಇಂಟರಾಕ್ಟ್, ಇನ್-ಆ್ಯಪ್ ಪರ್ಚೇಸಸ್. ಆಡುವವರು ಒಬ್ಬರೊಬ್ಬರ ಜೊತೆ ಮಾತಾಡಬಹುದು ಅನ್ನುವುದು ಮೊದಲನೆಯದು. ಆಟದೊಳಗೆ ದುಡ್ಡು ಕೊಟ್ಟು ಕೊಳ್ಳುವ ವಸ್ತುಗಳಿವೆ ಅನ್ನುವುದು ಎರಡನೆಯದು. ಎರಡನ್ನೂ ನೆನಪಿಟ್ಟುಕೊಳ್ಳಿ.

ಈ ನಂಬರ್ ಬರೆದವರು ಯಾರು?

ಸರ್ಕಾರ ಬರೆದದ್ದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಸಿನಿಮಾಕ್ಕೆ ನಮ್ಮಲ್ಲಿ 1952ರ ಕಾಯ್ದೆ ಇದೆ, ಸೆನ್ಸಾರ್ ಮಂಡಳಿ ಇದೆ. 2023ರ ತಿದ್ದುಪಡಿ ಆದ ಮೇಲೆ ಯು/ಎ ಚಿತ್ರಗಳಿಗೂ 7+, 13+, 16+ ಅಂತ ವಿಂಗಡಣೆ ಬಂದಿದೆ. ವಿಡಿಯೊ ಗೇಮ್‌ಗೆ ಹಾಗೆ ದೃಶ್ಯ ನೋಡಿ ವಯಸ್ಸು ಬರೆಯುವ ಮಂಡಳಿ ಭಾರತದಲ್ಲಿಲ್ಲ. 2025ರಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ದುಡ್ಡು ಕಟ್ಟಿ ಆಡುವ ಆಟಗಳನ್ನು. ರಕ್ತಪಾತದ ದೃಶ್ಯ ಯಾವ ವಯಸ್ಸಿಗೆ ಅನ್ನುವುದು ಅದರ ವಿಷಯ ಅಲ್ಲ.

ಹಾಗಾದರೆ 16+ ಎಲ್ಲಿಂದ ಬಂತು? ಐಎಆರ್‌ಸಿ ಅನ್ನುವ ಅಂತರರಾಷ್ಟ್ರೀಯ ವ್ಯವಸ್ಥೆಯಿಂದ. ಗೂಗಲ್ ಪ್ಲೇ 2015ರಿಂದ ಇದನ್ನು ಬಳಸುತ್ತಿದೆ. ಗೇಮ್ ಮಾಡಿದವರು ಒಂದು ಪ್ರಶ್ನಾವಳಿ ತುಂಬುತ್ತಾರೆ. ಹಿಂಸೆ ಇದೆಯಾ, ರಕ್ತ ಕಾಣುತ್ತಾ, ಲೈಂಗಿಕ ದೃಶ್ಯ ಇದೆಯಾ, ಜೂಜು ಇದೆಯಾ, ಹೀಗೆ. ಉತ್ತರಗಳ ಮೇಲೆ ಕಂಪ್ಯೂಟರೇ ವಯಸ್ಸು ಹೇಳುತ್ತದೆ. ಅದೇ ಉತ್ತರಕ್ಕೆ ಅಮೆರಿಕದಲ್ಲಿ ಒಂದು ನಂಬರ್, ಯುರೋಪಿನಲ್ಲಿ ಇನ್ನೊಂದು ಬರಬಹುದು. ಸುಳ್ಳು ಉತ್ತರ ಸಿಕ್ಕಿಬಿದ್ದರೆ ಆಮೇಲೆ ತಿದ್ದುತ್ತಾರೆ. ಆದರೆ ಮೊದಲ ಮಾತು ಕಂಪನಿಯದೇ.

ಈ ಪದ್ಧತಿ ಹುಟ್ಟಿದ್ದೇ ರಕ್ತದ ಗಲಾಟೆಯಿಂದ. 1992ರಲ್ಲಿ ಮಾರ್ಟಲ್ ಕಾಂಬ್ಯಾಟ್ ಅನ್ನುವ ಹೊಡೆದಾಟದ ಗೇಮ್ ಬಂತು. ಮರುವರ್ಷ ಅದು ಟಿವಿಗೆ ಸಿಕ್ಕಿಸಿ ಆಡುವ ಯಂತ್ರಗಳಿಗೂ ಬಂದು, ಅಮೆರಿಕದ ಮನೆಮನೆಗೆ ನುಗ್ಗಿತು. ನಿಂಟೆಂಡೊ ಕಂಪನಿ ತನ್ನ ಯಂತ್ರದಲ್ಲಿ ಆಡುವ ಆವೃತ್ತಿಯಲ್ಲಿ ರಕ್ತದ ಬದಲು ಬೂದು ಬಣ್ಣದ ಬೆವರು ಹಾರಿಸಿತು. ಸೆಗಾ ಯಂತ್ರದಲ್ಲಿ ಗುಪ್ತ ಕೋಡ್ ಒತ್ತಿದರೆ ರಕ್ತ ಬರುತ್ತಿತ್ತು. 1993ರ ಕೊನೆಗೆ ವಿಷಯ ಅಮೆರಿಕದ ಸೆನೆಟ್ ಮುಂದೆ ಹೋಯಿತು. ಸರ್ಕಾರ ಕೈ ಹಾಕುವ ಮುಂಚೆ ನಾವೇ ಮಾಡಿಕೊಳ್ಳೋಣ ಅಂತ ಗೇಮ್ ಕಂಪನಿಗಳು 1994ರಲ್ಲಿ ಇಎಸ್‌ಆರ್‌ಬಿ ಅನ್ನುವ ರೇಟಿಂಗ್ ಸಂಸ್ಥೆ ಕಟ್ಟಿದವು. ಯುರೋಪಿನಲ್ಲಿ 2003ರಲ್ಲಿ ಪೆಗಿ ಅನ್ನುವ ಅಂಥದೇ ರೇಟಿಂಗ್ ವ್ಯವಸ್ಥೆ ಬಂತು.

ಬಣ್ಣ ಬದಲಿಸುವ ಈ ಉಪಾಯ ನಮ್ಮಲ್ಲೂ ಬಂದಿದೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧ ಆಯಿತು. 2021ರಲ್ಲಿ ಅದೇ ಆಟ ಬಿಜಿಎಂಐ ಅನ್ನುವ ಹೆಸರಿನಲ್ಲಿ ಬಂದಾಗ ಗುಂಡು ತಗುಲಿದರೆ ಚಿಮ್ಮುತ್ತಿದ್ದದ್ದು ಹಸಿರು. 'ಕಿಲ್' ಅನ್ನುವ ಕಡೆ 'ಫಿನಿಶ್' ಅಂತ ಬಂತು. ಇದು ನಿಜವಾದ ಲೋಕ ಅಲ್ಲ ಅನ್ನುವ ಎಚ್ಚರಿಕೆಯೂ ಸೇರಿತು. 2008ರಲ್ಲಿ ಫಾಲ್‌ಔಟ್ 3 ಗೇಮನ್ನು ಸಾಂಸ್ಕೃತಿಕ ಸೂಕ್ಷ್ಮತೆಯ ಕಾರಣ ಹೇಳಿ ಮೈಕ್ರೊಸಾಫ್ಟ್ ಭಾರತದಲ್ಲಿ ಬಿಡುಗಡೆಯನ್ನೇ ಮಾಡಲಿಲ್ಲ. ಆ ತೀರ್ಮಾನವೂ ಕಂಪನಿಯದೇ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ರಕ್ತ ಹಸಿರಾದರೆ ಆಟ ಮಕ್ಕಳ ಆಟ ಆಗುವುದಿಲ್ಲ. ಹುಡುಗ ಅಲ್ಲಿ ಮಾಡುವ ಕೆಲಸ ಅದೇ ತಾನೇ, ಅಡಗಿ ಕೂತು ಗುರಿ ಇಡುವುದು. ಬಿಸ್ಕತ್ ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ನೋಡಿ ಒಳಗೆ ಎಷ್ಟು ಸಕ್ಕರೆ ಇದೆ ಅಂತ ಹೇಳೋಕಾಗಲ್ಲ. ಇದೂ ಹಾಗೇ. ಆದ್ದರಿಂದ ನಂಬರ್ ನೋಡಿ, ಕಾರಣ ಓದಿ, ಆಮೇಲೆ ಯೂಟ್ಯೂಬ್‌ನಲ್ಲಿ ಯಾರಾದರೂ ಆ ಗೇಮ್ ಆಡುತ್ತಿರುವ ವಿಡಿಯೊ ಹತ್ತು ನಿಮಿಷ ನೋಡಿಬಿಡಿ. ಅಷ್ಟರಲ್ಲಿ ನಿಮಗೇ ಗೊತ್ತಾಗುತ್ತದೆ.

ಈಗ ಬೀಗ ಹಾಕೋಣ

ಮಗುವಿನ ಕೈಗೆ ಹೋಗುವ ಫೋನನ್ನೇ ತೆಗೆದುಕೊಳ್ಳಿ. ಪ್ಲೇ ಸ್ಟೋರ್ ತೆರೆದು ಮೇಲೆ ಬಲಗಡೆ ಇರುವ ನಿಮ್ಮ ಫೋಟೊ ಅಥವಾ ಹೆಸರಿನ ಅಕ್ಷರ ಒತ್ತಿ. ಸೆಟ್ಟಿಂಗ್ಸ್, ಅದರೊಳಗೆ ಫ್ಯಾಮಿಲಿ, ಅದರೊಳಗೆ ಪೇರೆಂಟಲ್ ಕಂಟ್ರೋಲ್ಸ್. ಅದನ್ನು ಆನ್ ಮಾಡಿದರೆ ಪಿನ್ ಕೇಳುತ್ತದೆ. ಇಲ್ಲಿ ಹುಷಾರು. ನಿಮ್ಮ ಹುಟ್ಟಿದ ವರ್ಷ, ಗಾಡಿ ನಂಬರ್, ಎಟಿಎಂ ಪಿನ್ ಯಾವುದೂ ಬೇಡ. ಮಕ್ಕಳಿಗೆ ಇವೆಲ್ಲ ಬಾಯಿಪಾಠ ಆಗಿರುತ್ತದೆ. ಪಿನ್ ಹಾಕಿದ ಮೇಲೆ ಆ್ಯಪ್ಸ್ ಆ್ಯಂಡ್ ಗೇಮ್ಸ್ ಒತ್ತಿ, ಎಷ್ಟು ವಯಸ್ಸಿನವರೆಗೆ ಬಿಡಬೇಕೋ ಅದನ್ನು ಆರಿಸಿ, ಸೇವ್ ಕೊಡಿ. ಪ್ರೈಮರಿ ಶಾಲೆಯ ಮಗುವಾದರೆ 7+ ಸಾಕು. ಹೈಸ್ಕೂಲಿಗೆ 12+.

ಇದು ಆ ಒಂದು ಫೋನಿಗೆ ಮಾತ್ರ. ಮನೆಯಲ್ಲಿ ಟ್ಯಾಬ್ ಇದ್ದರೆ ಅದಕ್ಕೂ ಮಾಡಬೇಕು. ಮೊದಲೇ ಇಳಿಸಿಕೊಂಡ ಗೇಮ್‌ಗಳು ಬೀಗ ಹಾಕಿದ ಮಾತ್ರಕ್ಕೆ ಹೋಗುವುದಿಲ್ಲ. ಅವನ್ನು ಒಂದೊಂದಾಗಿ ನೋಡಿ, ಬೇಡದ್ದನ್ನು ತೆಗೆಯಿರಿ. ಮಗುವಿಗೆ ಹೇಳಿ ತೆಗೆಯಿರಿ, ಕದ್ದುಮುಚ್ಚಿ ಬೇಡ.

ಇನ್ನೊಂದು ದೊಡ್ಡ ತೊಡಕು ಇದೆ. ಹಳೇ ಫೋನಿನಲ್ಲಿ ಇರುವುದು ಅಪ್ಪನ ಗೂಗಲ್ ಖಾತೆ. ಗೂಗಲ್ ಲೆಕ್ಕದಲ್ಲಿ ಆ ಫೋನ್ ಹಿಡಿದವರ ವಯಸ್ಸು ನಲವತ್ತು. ಆದ್ದರಿಂದ ಕೈಲಾದರೆ ಮಗುವಿನ ಹೆಸರಿನಲ್ಲೇ ನಿಜವಾದ ಹುಟ್ಟಿದ ದಿನ ಕೊಟ್ಟು ಖಾತೆ ಮಾಡಿ, ಫ್ಯಾಮಿಲಿ ಲಿಂಕ್ ಆ್ಯಪ್ ಮೂಲಕ ನಿಮ್ಮ ಖಾತೆಗೆ ಸೇರಿಸಿ. ಆಗ ಮಗಳು ಗೇಮ್ ಇಳಿಸಲು ಹೊರಟರೆ ಒಪ್ಪಿಗೆ ಕೇಳಿ ನಿಮ್ಮ ಫೋನಿಗೆ ಸಂದೇಶ ಬರುತ್ತದೆ. ನೀವು ರೈಲಿನಲ್ಲಿ ಕೂತೇ ಬೇಕು, ಬೇಡ ಅನ್ನಬಹುದು. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟು ಗಂಟೆಗೆ ಫೋನ್ ಲಾಕ್ ಆಗಬೇಕು ಅನ್ನುವುದನ್ನೂ ಅಲ್ಲೇ ಇಡಬಹುದು.

ಐಫೋನ್ ಇದ್ದವರು ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ಟೈಮ್‌ಗೆ ಹೋಗಿ. ಅಲ್ಲಿ ಕಂಟೆಂಟ್ ಆ್ಯಂಡ್ ಪ್ರೈವೆಸಿ ರಿಸ್ಟ್ರಿಕ್ಷನ್ಸ್ ಒಳಗೆ ಆ್ಯಪ್‌ಗಳ ವಯಸ್ಸು ಗೊತ್ತು ಮಾಡಬಹುದು. 2025ರಿಂದ ಆ್ಯಪಲ್ ನಂಬರ್‌ಗಳು 4+, 9+, 13+, 16+, 18+ ಆಗಿವೆ.

ಹಿತ್ತಲ ಬಾಗಿಲು

ಪ್ಲೇ ಸ್ಟೋರ್‌ಗೆ ಬೀಗ ಹಾಕಿದ ಮೇಲೆ ಮಕ್ಕಳು ಹುಡುಕುವುದು ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರ್ ಇಲ್ಲದೆಯೇ ಗೇಮ್ ಹಾಕಿಕೊಳ್ಳುವ ಫೈಲ್. ವಾಟ್ಸ್ಆ್ಯಪ್‌ನಲ್ಲಿ ಗೆಳೆಯ ಕಳಿಸುತ್ತಾನೆ, ಇಲ್ಲವೇ ಕ್ರೋಮ್‌ನಲ್ಲಿ ಸಿಗುತ್ತದೆ. 'ಮಾಡ್' ಅಂತ ಹೆಸರಿರುತ್ತದೆ. ಅಂದರೆ ಬೇರೆ ಯಾರೋ ಗೇಮನ್ನು ಬಿಚ್ಚಿ ತಮಗೆ ಬೇಕಾದ್ದು ಸೇರಿಸಿದ್ದಾರೆ. ಇದಕ್ಕೆ ಯಾವ ರೇಟಿಂಗೂ ಇಲ್ಲ, ವೈರಸ್ ಇಲ್ಲ ಅನ್ನುವ ಖಾತ್ರಿಯೂ ಇಲ್ಲ. 2005ರಲ್ಲಿ ಜಿಟಿಎ ಸ್ಯಾನ್ ಆಂಡ್ರಿಯಾಸ್ ಒಳಗೆ ಬಚ್ಚಿಟ್ಟಿದ್ದ ಲೈಂಗಿಕ ದೃಶ್ಯವನ್ನು ಹೊರಗೆ ತಂದಿದ್ದು ಇಂಥದೇ ಒಂದು ಮಾಡ್. ಅಮೆರಿಕದಲ್ಲಿ ಆ ಗೇಮ್‌ನ ರೇಟಿಂಗನ್ನೇ 18ಕ್ಕೆ ಏರಿಸಬೇಕಾಯಿತು, ಅಂಗಡಿಗಳು ಅದನ್ನು ವಾಪಸ್ ಕಳಿಸಿದವು.

ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಅಂತ ಹುಡುಕಿ. ಕ್ರೋಮ್, ವಾಟ್ಸ್ಆ್ಯಪ್, ಫೈಲ್ಸ್, ಎಲ್ಲದರ ಮುಂದೆಯೂ ಆಫ್ ಮಾಡಿ.

ದುಡ್ಡಿನ ವಿಷಯ ಚಿಕ್ಕದು, ಆದರೆ ಬಿಡಬೇಡಿ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲೇ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವ ಹಾಗೆ ಮಾಡಬಹುದು. ಮಗುವಿನ ಕೈಯಲ್ಲಿರುವ ಫೋನಿನಲ್ಲಿ ಯುಪಿಐ ಆ್ಯಪ್ ಇಡಲೇಬೇಡಿ.

ನಂಬರ್ ಹೇಳದ ಮಾತು

ರೇಟಿಂಗ್ ಕೊಡುವವರು ನೋಡುವುದು ಗೇಮ್ ಒಳಗೆ ಕಂಪನಿ ಇಟ್ಟದ್ದನ್ನು. ಆಡುವಾಗ ಕಿವಿಗೆ ಬೀಳುವ ಅಪರಿಚಿತರ ಮಾತನ್ನು ಯಾರೂ ಮೊದಲೇ ಕೇಳಿರುವುದಿಲ್ಲ. ಚೌಕದಲ್ಲಿ 7+ ಇರುವ ಆಟದಲ್ಲೂ ಚಾಟ್ ಇರಬಹುದು. ರೋಬ್ಲಾಕ್ಸ್‌ನಂಥ ಕಡೆ ಆಟಗಳನ್ನು ಮಾಡುವವರೇ ಬಳಕೆದಾರರು. ಒಂದು ಆ್ಯಪ್ ಒಳಗೆ ಲೆಕ್ಕವಿಲ್ಲದಷ್ಟು ಆಟಗಳು, ಒಂದೊಂದಕ್ಕೂ ಬೇರೆ ಬೇರೆ ಲೇಬಲ್. ಅಲ್ಲಿ ಪ್ಲೇ ಸ್ಟೋರ್ ನಂಬರ್ ನೋಡಿ ಸುಮ್ಮನಾದರೆ ಸಾಲದು, ಆ್ಯಪ್ ಒಳಗಿನ ಪೇರೆಂಟಲ್ ಕಂಟ್ರೋಲ್ಸ್ ಕೂಡ ತೆರೆಯಬೇಕು.

ನಾನು ಹೆಚ್ಚು ಚಿಂತಿಸುವುದು ಇದರ ಬಗ್ಗೆಯೇ. ಪರದೆ ಮೇಲಿನ ರಕ್ತ ನಿಮ್ಮ ಕಣ್ಣಿಗೂ ಬೀಳುತ್ತದೆ. ಇಯರ್‌ಫೋನ್ ಹಾಕಿಕೊಂಡ ಮಗುವಿನ ಕಿವಿಯಲ್ಲಿ ಯಾರು ಏನು ಹೇಳುತ್ತಿದ್ದಾರೆ ಅನ್ನುವುದು ಪಕ್ಕದಲ್ಲೇ ಕೂತ ಅಜ್ಜಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಮನೆಯಲ್ಲಿ ಒಂದೇ ಒಂದು ನಿಯಮ ಇಡುವುದಾದರೆ ಇದನ್ನು ಇಡಿ: ಗೇಮ್ ಆಡುವಾಗ ಇಯರ್‌ಫೋನ್ ಬೇಡ, ಹಾಲ್‌ನಲ್ಲೇ ಕೂತು ಆಡಬೇಕು. ಬಿಜಿಎಂಐ ತರಹದ ಆಟದಲ್ಲಿ ಪರದೆ ಮೇಲೆ ಮೈಕ್ ಮತ್ತು ಸ್ಪೀಕರ್ ಚಿತ್ರಗಳಿರುತ್ತವೆ. ಮೈಕ್ ಆಫ್ ಮಾಡುವುದು, ಗೊತ್ತಿಲ್ಲದವರನ್ನು ಮ್ಯೂಟ್ ಮಾಡುವುದು ಹೇಗೆ ಅಂತ ಮಗುವಿಗೇ ತೋರಿಸಿ. ತಂಡ ಕಟ್ಟುವುದಾದರೆ ತರಗತಿಯ, ಬೀದಿಯ ಗೆಳೆಯರ ಜೊತೆ ಮಾತ್ರ. ಫೋಟೊ, ಶಾಲೆಯ ಹೆಸರು, ಫೋನ್ ನಂಬರ್ ಯಾರು ಕೇಳಿದರೂ ಆಟ ಬಿಟ್ಟು ಎದ್ದು ಬಂದು ಹೇಳಬೇಕು. ಹೇಳಿದರೆ ಫೋನ್ ಕಿತ್ತುಕೊಳ್ಳುವುದಿಲ್ಲ ಅಂತ ನೀವು ಮಾತು ಕೊಡಬೇಕು, ಅದನ್ನು ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ ಯಾವ ಮಗು ಬಾಯಿ ಬಿಡುತ್ತದೆ?

ಹೊರಗೆ ಆಡುವ ಮಕ್ಕಳು

ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು ಪ್ಲೇಸ್ಟೇಷನ್, ಕಂಪ್ಯೂಟರ್‌ನಲ್ಲಿ ಆಡುವ ಗೇಮಿಂಗ್ ಸೆಂಟರ್‌ಗಳಲ್ಲಿ ನಿಮ್ಮ ಪಿನ್ ನಡೆಯುವುದಿಲ್ಲ. ಅಲ್ಲಿ ಹುಡುಗರು ಇಷ್ಟಪಡುವ ಜಿಟಿಎ 5ಕ್ಕೆ ಯುರೋಪಿನಲ್ಲಿ 18, ಅಮೆರಿಕದಲ್ಲಿ 17ರ ಮೇಲೆ ಅನ್ನುವ ರೇಟಿಂಗ್ ಇದೆ. ಸಿನಿಮಾ ಟಾಕೀಸಿನಲ್ಲಿ 'ಎ' ಚಿತ್ರಕ್ಕೆ ಗೇಟಿನವರು ಹುಡುಗರನ್ನು ತಡೆಯಬೇಕು ಅನ್ನುವ ಕಾನೂನು ಇದೆ. ಇಲ್ಲಿ ಅಂಥದ್ದಿಲ್ಲ. ಒಮ್ಮೆ ಮಗನ ಜೊತೆ ನೀವೇ ಹೋಗಿ ಬನ್ನಿ. ನಡೆಸುವವರ ಹತ್ತಿರ "ಇವನಿಗೆ ಹದಿಮೂರು ವರ್ಷ, ಫುಟ್‌ಬಾಲ್, ಕಾರ್ ರೇಸ್ ಕೊಡಿ ಸಾಕು" ಅಂತ ಹೇಳಿ. ಮುಖ ಪರಿಚಯ ಆದರೆ ಅವರೂ ಗಮನ ಇಡುತ್ತಾರೆ.

ಹೈಸ್ಕೂಲ್ ಮುಗಿಸುವ ಹೊತ್ತಿಗೆ "ಎಲ್ರೂ ಆಡ್ತಾರೆ ಕಣಮ್ಮಾ" ಅನ್ನುವ ಮಾತು ಬಂದೇ ಬರುತ್ತದೆ. ಹತ್ತು ವರ್ಷದವನಿಗೆ 16+ ಗೇಮ್ ಖಂಡಿತ ಬೇಡ, ಅದರಲ್ಲಿ ಚೌಕಾಸಿ ಇಲ್ಲ. ಹದಿನೈದರವನ ವಿಷಯ ಬೇರೆ. ಅವನ ಪಕ್ಕ ಕೂತು ಎರಡು ಮ್ಯಾಚ್ ನೋಡಿ, ಏನಾಗುತ್ತಿದೆ ಅಂತ ಅವನಿಂದಲೇ ಕೇಳಿ ತಿಳಿದುಕೊಂಡು, ಹೊತ್ತು ಗೊತ್ತು ಮಾಡಿ ಬಿಡುವುದು ತಪ್ಪಲ್ಲ. ಮಧ್ಯೆ ಮತ್ತೆ ತಡೆ ಬಿದ್ದು 2023ರಲ್ಲಿ ವಾಪಸ್ ಬಂದಾಗ ಬಿಜಿಎಂಐ 18 ತುಂಬದವರಿಗೆ ದಿನಕ್ಕೆ 3 ಗಂಟೆ ಮಿತಿ ಇಟ್ಟಿತು. ಶಾಲೆ ಇರುವ ದಿನಕ್ಕೆ ಅದೂ ಜಾಸ್ತಿಯೇ. ಅವನು ಆಡುವಾಗ ಆರು ವರ್ಷದ ತಂಗಿ ಹೆಗಲ ಮೇಲಿಂದ ಇಣುಕುತ್ತಿದ್ದಾಳಾ ಅಂತಲೂ ನೋಡಿ. ರೇಟಿಂಗ್ ಅವಳಿಗೂ ಅನ್ವಯಿಸುತ್ತದೆ.

ಏನಾದರೂ ಎಡವಟ್ಟಾದರೆ

ಗೊತ್ತಿಲ್ಲದೆ ಗೇಮ್‌ನಲ್ಲಿ ದುಡ್ಡು ಹೋಗಿದ್ದರೆ 48 ಗಂಟೆಯೊಳಗೆ ಗೂಗಲ್ ಪ್ಲೇಗೆ ರೀಫಂಡ್ ಕೇಳಿ. ಯಾರಾದರೂ ಮೋಸ ಮಾಡಿ ದುಡ್ಡು ಹೊಡೆದಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಚಾಟ್‌ನಲ್ಲಿ ಮಗುವಿಗೆ ಬೆದರಿಕೆ ಬಂದರೆ, ಫೋಟೊ ಕೇಳಿದರೆ, ಸಂದೇಶ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟು 1098 ಮಕ್ಕಳ ಸಹಾಯವಾಣಿಗೆ ಹೇಳಿ, ಅಥವಾ ಸೈಬರ್ ಅಪರಾಧ ನೋಡಿಕೊಳ್ಳುವ ತುಮಕೂರಿನ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ. ಆಟದ ಹೆಸರು, ಎದುರಿನವರ ಯೂಸರ್ ಐಡಿ, ದಿನ, ಸಮಯ ಬರೆದುಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ.