ಡ್ಯಾನ್ಯೂಬ್ ಕ್ರೂಸ್‌ಗೆ ಮಕ್ಕಳು, ಹಿರಿಯರ ಜೊತೆ ಹೊರಡುವವರಿಗೆ

ಬುಕ್ ಮಾಡುವ ಮೊದಲು ಮಕ್ಕಳ ಕನಿಷ್ಠ ವಯಸ್ಸು ಕೇಳಿ. ಎಷ್ಟೋ ನದಿ ಹಡಗುಗಳು ಚಿಕ್ಕ ಮಕ್ಕಳನ್ನು ಹತ್ತಿಸಿಕೊಳ್ಳುವುದೇ ಇಲ್ಲ.

ಬಾಲ್ಕನಿಗೆ ದುಡ್ಡು ಸುರಿಯಬೇಡಿ. ವಿಯೆನ್ನಾ, ಬುಡಾಪೆಸ್ಟ್‌ನಲ್ಲಿ ಹಡಗುಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟುತ್ತಾರೆ. ಪರದೆ ಸರಿಸಿದರೆ ಕಾಣುವುದು ಪಕ್ಕದ ಹಡಗಿನ ಕಿಟಕಿ. ದಡಕ್ಕಿಳಿಯಲೂ ಎರಡು ಮೂರು ಹಡಗು ದಾಟಬೇಕು, ನಡುವೆ ಮೆಟ್ಟಿಲೂ ಇರುತ್ತದೆ. ಮಂಡಿನೋವಿನವರಿದ್ದರೆ ಲಿಫ್ಟ್ ಯಾವ ಡೆಕ್‌ವರೆಗೆ ಹೋಗುತ್ತದೆಂದು ತಿಳಿದುಕೊಳ್ಳಿ.

ಆಸ್ಟ್ರಿಯಾದ ವಾಖಾವ್ ಕಣಿವೆಯನ್ನು ಹಗಲಿನಲ್ಲೇ ದಾಟುವ ಮಾರ್ಗ ಆರಿಸಿ. ಮೆಲ್ಕ್‌ನಿಂದ ಕ್ರೆಮ್ಸ್‌ವರೆಗೆ ಸುಮಾರು 36 ಕಿಮೀ. ಹರಿವಿನ ಜೊತೆ ಸಾಗುವಾಗ ಎಡಕ್ಕೆ ಕೂತರೆ ದ್ರಾಕ್ಷಿ ತೋಟದ ಮೆಟ್ಟಿಲುಗಳು, ಆಮೇಲೆ ಡ್ಯೂರ್ನ್‌ಸ್ಟೈನ್‌ನ ನೀಲಿ-ಬಿಳಿ ಚರ್ಚ್ ಗೋಪುರ ನೀರಿನಂಚಿಗೇ ಬರುತ್ತವೆ. ಮೇಲಿನ ಡೆಕ್‌ನಲ್ಲಿ ಗಾಳಿ ಜೋರು, ಬೇಸಿಗೆಯಲ್ಲೂ ಸ್ವೆಟರ್ ಬೇಕು.

ನೀರು ತೀರಾ ಇಳಿದರೆ ಹಡಗು ತಳ ತಾಗುತ್ತದೆ, ಏರಿದರೆ ಸೇತುವೆ ಕೆಳಗೆ ನುಗ್ಗದು. ಆಗ ಬಸ್ಸೇ ಗತಿ. ಹಣ ವಾಪಸಾಗುವ ಷರತ್ತನ್ನು ಮುಂಗಡಕ್ಕೆ ಮೊದಲೇ ಓದಿ.

ವೀಸಾ ವಿಷಯದಲ್ಲಿ ಎಚ್ಚರ: ಬೆಲ್‌ಗ್ರೇಡ್‌ವರೆಗೆ ಹೋಗಿ ಮರಳುವುದಾದರೆ ಆ ಊರಿರುವ ಸೆರ್ಬಿಯಾ ಷೆಂಗೆನ್ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪ್ ದೇಶಗಳ ಕೂಟ) ಹೊರಗಿದೆ, ಒಂದೇ ಸಲ ಒಳಬಿಡುವ ಸಿಂಗಲ್ ಎಂಟ್ರಿ ವೀಸಾ ಸಾಲದು.