ವಿಲೀನವಾದ ಎರಡು ರೈಲು ಕಂಪನಿಗಳ ಬೇರಿಂಗ್ ದಾಖಲೆಯನ್ನು ನಾವು ಜೋಡಿಸಿದ ಬಗೆ

2023ರ ಫೆಬ್ರವರಿ 3ರಂದು ಅಮೆರಿಕದ ಈಸ್ಟ್ ಪ್ಯಾಲೆಸ್ಟೈನ್‌ನಲ್ಲಿ ಹಳಿ ತಪ್ಪಿದ ಗೂಡ್ಸ್ ರೈಲು ಅದಕ್ಕೂ ಮುಂಚೆ ಮೂರು ಹಾಟ್ ಬೇರಿಂಗ್ ಡಿಟೆಕ್ಟರ್‌ಗಳನ್ನು ದಾಟಿತ್ತು. ಆಕ್ಸಲ್ (ಚಕ್ರದ ಅಚ್ಚು) ತುದಿಯಲ್ಲಿದ್ದು ಅದು ಸರಾಗ ತಿರುಗುವಂತೆ ಮಾಡುವ ಭಾಗ ಬೇರಿಂಗ್; ರೈಲು ಹಾದುಹೋಗುವಾಗ ಅದರ ಬಿಸಿಯನ್ನು ಹಳಿಯ ಬದಿಯಿಂದ ಅಳೆಯುವ ಸ್ಕ್ಯಾನರ್ ಈ ಡಿಟೆಕ್ಟರ್. ಒಂದೇ ಬೇರಿಂಗ್ ಸುತ್ತಲಿನ ಗಾಳಿಗಿಂತ ಮೊದಲು 38, ಆಮೇಲೆ 103, ಕೊನೆಗೆ 253 ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು ಬಿಸಿಯಾಗಿತ್ತು. ರೈಲು ನಿಲ್ಲಿಸಿ ಪರೀಕ್ಷಿಸುವ ಮಿತಿ ಇದ್ದದ್ದು 170, ವ್ಯಾಗನ್ನನ್ನೇ ರೈಲಿನಿಂದ ಬಿಡಿಸುವ ಮಿತಿ 200. ಎರಡನೇ ಮತ್ತು ಮೂರನೇ ಡಿಟೆಕ್ಟರ್ ನಡುವೆ ಸುಮಾರು 19 ಮೈಲು. ಸ್ಕ್ಯಾನರ್ ಕಾಣುವುದು ಬೇರಿಂಗ್‌ನ ಹೊರಮೈಯನ್ನು ಮಾತ್ರ, ಒಳಗಿನ ರೋಲರ್ ಅದಕ್ಕಿಂತ ಎಷ್ಟೋ ಬಿಸಿಯಿರುತ್ತದೆ. ಹಾಗಾಗಿ ಒಂದು ಅಂಕಿಗಿಂತ ಏರಿಕೆಯ ಸಾಲೇ ಮುಖ್ಯ. ವಿಲೀನದ ನಂತರವೂ ಆ ಸಾಲು ಎರಡು ಕಂಪನಿಗಳ ಕಂಪ್ಯೂಟರ್‌ಗಳಲ್ಲಿ ತುಂಡಾಗಿ ಉಳಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ನಾವು ಮೊದಲು ಹಿಡಿದದ್ದು ವ್ಯಾಗನ್ ಗುರುತು. ರೈಲಿನಲ್ಲಿ ಎಷ್ಟನೆಯದು ಎಂಬ ಎಣಿಕೆಯನ್ನು ನಂಬದೆ, ವ್ಯಾಗನ್ ಮೇಲಿನ ರೇಡಿಯೋ ಟ್ಯಾಗ್‌ಗೆ ಅಂಕಿಗಳನ್ನು ಕಟ್ಟಿದೆವು. ಒಂದು ಟ್ಯಾಗ್ ಓದದೆ ಹೋದರೂ ಅದರ ಹಿಂದಿನ ವ್ಯಾಗನ್‌ಗಳೆಲ್ಲ ಒಂದೊಂದು ಸ್ಥಾನ ಜರುಗಿಬಿಡಬಹುದು. ಆಕ್ಸಲ್ ಲೆಕ್ಕ ರೈಲಿನ ಪಟ್ಟಿಗೆ ತಾಳೆಯಾಗದಿದ್ದರೆ, ಸರಿಯಾಗಿ ಓದಿದ ಮುಂದಿನ ಟ್ಯಾಗ್‌ವರೆಗಿನ ಅಂಕಿಗಳನ್ನು ಬದಿಗಿಡಬೇಕು.

ಹೆಚ್ಚು ಕಾಡಿದ್ದು ದಿಕ್ಕು. ಹ್ಯಾಂಡ್‌ಬ್ರೇಕ್ ಇರುವ ತುದಿ ಬಿ ತುದಿ. ಅದಕ್ಕೆ ಮುಖಮಾಡಿ ನಿಂತರೆ ಬಲಗಡೆ ಆರ್, ಎಡಗಡೆ ಎಲ್. ಆಕ್ಸಲ್ ಎಣಿಕೆ ಆ ತುದಿಯಿಂದಲೇ ಶುರು. ಯಾರ್ಡ್‌ನಲ್ಲಿ ವ್ಯಾಗನ್ ತಿರುಗಿತೆಂದರೆ, ನಾಲ್ಕು ಆಕ್ಸಲ್‌ನ ಗಾಡಿಯಲ್ಲಿ ಆರ್-1 ಇದ್ದ ಜಾಗಕ್ಕೆ ಎಲ್-4 ಬರುತ್ತದೆ. ಇದನ್ನು ಗಮನಿಸದೆ ಹಳಿಯ ಬದಿ ನೋಡಿ ಜೋಡಿಸಿದರೆ ಬೇರೆ ಬೇರೆ ಬೇರಿಂಗ್‌ಗಳ ಅಂಕಿ ಒಂದೇ ಸಾಲಿಗೆ ಸೇರುತ್ತದೆ. ಟ್ಯಾಗ್ ಯಾವ ಬದಿಯದು ಎಂಬುದು ಟ್ಯಾಗ್‌ನಲ್ಲೇ ಇರುತ್ತದೆ, ಅದರಿಂದ ದಿಕ್ಕು ತೀರ್ಮಾನಿಸಿದೆವು.

ಗಾಳಿಯ ಉಷ್ಣತೆ ಅಳೆಯುವ ಸಂವೇದಕಕ್ಕೆ ಬಿಸಿಲು ಬಿದ್ದರೆ ಗಾಳಿ ಹೆಚ್ಚು ಬಿಸಿಯೆಂದು ತೋರಿ, ಬೇರಿಂಗ್‌ನ ಏರಿಕೆ ಕಡಿಮೆಯಾಗಿ ಕಾಣುತ್ತದೆ. ಸ್ಕ್ಯಾನರ್‌ನ ಮಸೂರದ ಮೇಲೆ ಮಣ್ಣು ಕೂತರೂ ಅಷ್ಟೇ, ಆದರೆ ಆಗ ಒಂದೇ ಬದಿ ತಣ್ಣಗಿರುತ್ತದೆ. ಅದಕ್ಕೇ ಪ್ರತಿ ಬೇರಿಂಗನ್ನೂ ಅದೇ ರೈಲಿನ ಅದೇ ಬದಿಯ ಮಧ್ಯಾಂಕಕ್ಕೆ ಹೋಲಿಸಿ ನೋಡುತ್ತೇವೆ.

ಎರಡು ಕಂಪನಿಗಳ ಎಚ್ಚರಿಕೆ ಮಿತಿ ಬೇರೆಯಿದ್ದಾಗ ಮೊದಲ ದಿನದಿಂದಲೇ ಬಿಗಿಯಾದದ್ದನ್ನು ತೆಗೆದುಕೊಳ್ಳಿ. ರೈಲು ನಿಲ್ಲುವುದು ಹೆಚ್ಚುತ್ತದೆ, ಮಿತಿ ಸಡಿಲಿಸಿ ಎಂಬ ಒತ್ತಡವೂ ಬರುತ್ತದೆ. ಒಂದು ಚಳಿಗಾಲ, ಒಂದು ಬೇಸಿಗೆ ಕಳೆಯುವವರೆಗೆ ಅದಕ್ಕೆ ಮಣಿಯಬಾರದು. ಹಳೆಯ ವ್ಯವಸ್ಥೆಗಳನ್ನೂ ಅಲ್ಲಿಯವರೆಗೆ ಜೊತೆಯಲ್ಲೇ ಓಡಿಸಬೇಕು. 1996ರಲ್ಲಿ ಯೂನಿಯನ್ ಪೆಸಿಫಿಕ್, ಸದರ್ನ್ ಪೆಸಿಫಿಕ್ ಒಂದಾದ ಮರುವರ್ಷವೇ ಹ್ಯೂಸ್ಟನ್ ಸುತ್ತ ರೈಲುಗಳು ಸಿಕ್ಕಿಹಾಕಿಕೊಂಡಿದ್ದವು. ಅದೇ ವರ್ಷ ಪ್ರಾಣ ಹೋದ ಡಿಕ್ಕಿಗಳೂ ಆದವು. ಅವಸರ ಬೇಡ ಎನ್ನುವುದು ಅದಕ್ಕೇ.

ಮೈಲುಗಲ್ಲಿನ ಸಂಖ್ಯೆಗೂ ವಿಭಾಗದ ಹೆಸರು ಸೇರಿಸಿ. ಎರಡು ಜಾಲಗಳಲ್ಲೂ 49ನೇ ಮೈಲು ಇರಬಹುದು.

ಇನ್ನು ಎರಡು ಕಂಪನಿಗಳ ಹಳಿ ಕೂಡುತ್ತಿದ್ದ ಹಳೆಯ ಗಡಿ. ಕೆನಡಿಯನ್ ಪೆಸಿಫಿಕ್ ಮತ್ತು ಕ್ಯಾನ್ಸಸ್ ಸಿಟಿ ಸದರ್ನ್ 2023ರಲ್ಲಿ ಒಂದಾಗುವ ಮುಂಚೆ ಅವುಗಳ ಹಳಿ ಕೂಡುತ್ತಿದ್ದದ್ದು ಕ್ಯಾನ್ಸಸ್ ಸಿಟಿಯಲ್ಲಿ. ಅಂಥ ಜಾಗದಲ್ಲಿ ವ್ಯಾಗನ್ ಪಡೆಯುವ ಕಂಪನಿ ತನ್ನ ಜವಾಬ್ದಾರಿಗೆ ಬರುವ ಗಾಡಿಯನ್ನು ಪರೀಕ್ಷಿಸುತ್ತದೆ. ವಿಲೀನದ ನಂತರ ರೈಲು ನಿಲ್ಲದೆ ಸಾಗತೊಡಗಿದರೆ ಆ ಒಂದು ಜೊತೆ ಕಣ್ಣು ಇಲ್ಲವಾಗುತ್ತದೆ. ಹೊಸ ಡಿಟೆಕ್ಟರ್‌ಗೆ ಹಣ ಸಿಕ್ಕಾಗ ನಾವು ಮೊದಲು ಗುರುತು ಹಾಕುವುದು ಅಲ್ಲಿಗೇ. ಬೇರಿಂಗ್‌ನ ಸದ್ದು ಕೇಳುವ ಅಕೌಸ್ಟಿಕ್ ಡಿಟೆಕ್ಟರ್ ಜೊತೆಗಿದ್ದರೆ ಬಿಸಿ ಏರುವ ಮುಂಚೆಯೇ ಸವೆತ ತಿಳಿಯುತ್ತದೆ.